ಜಾಣ ಮಕ್ಕಳಿಗೂ ಪರೀಕ್ಷೆಯ ಭಯವೇಕೆ?



ಕುಟುಂಬ ಕಲ್ಯಾಣವೆಂದೊಡನೆ ಹೆರಿಗೆಗಳ ನಡುವಣ ಅಂತರ, ಬಾಣಂತಿಯ ಆರೈಕೆ, ಕೂಸಿಗೆ ಹಾಕಿಸಬೇಕಾದ ಲಸಿಕೆ, ಇವೇ ನಿಮ್ಮ ನೆನಪಿಗೆ ಬರುತ್ತವೆ. ಅದು ಸಹಜವೇ ಆಗಿದೆ. ಆದರೆ ಹುಟ್ಟಿದ ಮಗುವನ್ನು ಉಳಿಸಿಕೊಂಡು, ಬೆಳೆಸಿ, ಶಾಲೆಗೆ ಸೇರಿಸಿದ ಮಾತ್ರಕ್ಕೆ ತಂದೆತಾಯಿಗಳ ಹೊಣೆ ಮುಗಿಯುವುದಿಲ್ಲ. ಹದಿನಾಲ್ಕರಿಂದ ಹದಿನೆಂಟರ ವಯಸ್ಸಿನ, ಅದರಲ್ಲೂ ಓದಿನಲ್ಲಿ ಎಲ್ಲರಿಗಿಂತ ಮುಂದಿರುವ ಮಕ್ಕಳನ್ನು ಕಾಡುವ ಒಂದು ತೊಂದರೆಯನ್ನು ಕುರಿತು ಇಂದು ನಿಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಅದೇ ಪರೀಕ್ಷೆಯ ಭಯ.

ಓದದ ಮಗು ಪರೀಕ್ಷೆಗೆ ಹೆದರುವುದು ಎಲ್ಲರಿಗೂ ಅರ್ಥವಾಗುವ ಸಂಗತಿ. ತರಗತಿಗೇ ಮೊದಲಿಗನೆನಿಸಿಕೊಂಡ ಹುಡುಗ, ಉಪಾಧ್ಯಾಯರ ಬಾಯಿಂದ ಹೊಗಳಿಸಿಕೊಂಡ ಹುಡುಗಿ, ಪರೀಕ್ಷೆಯ ದಿನ ಬೆಳಿಗ್ಗೆ ತುತ್ತು ಗಂಟಲಿಗಿಳಿಯದೆ ನಡುಗುತ್ತ ಕುಳಿತಾಗ ಮಾತ್ರ ಮನೆಯವರಿಗೆ ದಿಕ್ಕು ತೋಚುವುದಿಲ್ಲ. ದೃಷ್ಟಿಯಾಗಿದೆಯೆಂದು ನಿವಾಳಿಸುವವರುಂಟು, ನಾಟಕವೆಂದು ಗದರಿಸುವವರೂ ಉಂಟು. ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳು ಹತ್ತಿರವಾದಂತೆ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿಗಳ ಸಾಲಿನಲ್ಲಿ ಇಂತಹ ಮಕ್ಕಳು ಹೆಚ್ಚಾಗಿ ನಿಲ್ಲುವುದನ್ನು ನಾನು ವರ್ಷವರ್ಷವೂ ಕಾಣುತ್ತಿದ್ದೇನೆ. ಹೊಟ್ಟೆನೋವು, ತಲೆನೋವು, ವಾಂತಿ, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು, ನಿದ್ರೆ ಬಾರದಿರುವುದು ಇವೇ ಅವರ ದೂರುಗಳು. ರಕ್ತಹೀನತೆಯಾಗಲಿ, ಜಂತುಹುಳುವಿನ ಬಾಧೆಯಾಗಲಿ, ಬೇರೆ ರೋಗವಾಗಲಿ ಇದೆಯೇ ಎಂದು ಮೊದಲು ನೋಡಲೇಬೇಕು. ಅವು ಯಾವುವೂ ಇಲ್ಲವೆಂದಾದ ಮೇಲೆ ನಾನು ತಾಯಿಯನ್ನು ಕೇಳುವುದು ಒಂದೇ ಪ್ರಶ್ನೆ: ಭಾನುವಾರ ನೋವು ಬರುತ್ತದೆಯೇ? ಅನೇಕ ವೇಳೆ ತಾಯಿ ಸ್ವಲ್ಪ ಹೊತ್ತು ಯೋಚಿಸಿ ಇಲ್ಲವೆನ್ನುತ್ತಾಳೆ. ಸೋಮವಾರ ಕಿರುಪರೀಕ್ಷೆಯಿದ್ದರೆ ಮಾತ್ರ ಭಾನುವಾರ ಸಂಜೆಯೇ ನೋವು ಆರಂಭವಾಗುತ್ತದೆ. ಈ ದಿನವಾರಗಳ ಲೆಕ್ಕವನ್ನು ನೀವು ನೆನಪಿಟ್ಟು ಹೇಳಿದರೆ ವೈದ್ಯನ ಅರ್ಧ ಕೆಲಸ ಮುಗಿದಂತೆ.

ಹಾಗೆಂದು ನೋವು ಸುಳ್ಳೆಂದು ತಿಳಿಯಬಾರದು. ಅಪಾಯ ಬಂದೊದಗಿದೆಯೆಂದು ಮಿದುಳಿಗೆ ಅನಿಸಿದಾಗ, ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಎಂಬ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬೆರಳ ತುದಿ ತಣ್ಣಗಾಗುತ್ತದೆ, ಹೊಟ್ಟೆ ತೊಳೆಸುತ್ತದೆ. ರಾತ್ರಿ ಹೊಲದ ಬದುವಿನಲ್ಲಿ ಹಾವನ್ನು ಕಂಡಾಗ ನಿಮ್ಮ ಮೈಯಲ್ಲಿ ಆಗುವುದೂ ಇದೇ. ಹಾವಿನಿಂದ ಓಡಿ ತಪ್ಪಿಸಿಕೊಳ್ಳಲು ದೇಹಕ್ಕೆ ಈ ಏರ್ಪಾಡು ಬೇಕು. ಪ್ರಶ್ನೆಪತ್ರಿಕೆಯ ಮುಂದೆ ಓಡಲು ಜಾಗವಿಲ್ಲ. ಅಲ್ಪಸ್ವಲ್ಪ ಭಯ ಮಗುವನ್ನು ಎಚ್ಚರವಾಗಿರಿಸುತ್ತದೆ. ಅದಕ್ಕೆ ಔಷಧ ಬೇಕಿಲ್ಲ. ಮಿತಿ ಮೀರಿದಾಗಲೇ ತೊಂದರೆ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಅಮೆರಿಕದ ಲೀಬರ್ಟ್ ಮತ್ತು ಮಾರಿಸ್ ಎಂಬ ಮನೋವಿಜ್ಞಾನಿಗಳು 1967ರಲ್ಲಿ ಪರೀಕ್ಷಾಭಯದಲ್ಲಿ ಎರಡು ಭಾಗಗಳಿವೆಯೆಂದು ಗುರುತಿಸಿದರು. ಒಂದು, ಮೈಯ ತಳಮಳ. ಇನ್ನೊಂದು, ಮನಸ್ಸಿನ ಚಿಂತೆ: ಏನಾದೀತು, ಅಪ್ಪ ಏನೆಂದಾನು, ಊರವರು ಏನೆಂದಾರು ಎಂಬ ಎಡೆಬಿಡದ ಆಲೋಚನೆ. ಅಂಕಗಳನ್ನು ತಿನ್ನುವುದು ಹೆಚ್ಚಾಗಿ ಈ ಎರಡನೆಯದು. ಏಕೆಂದು ಹೇಳುತ್ತೇನೆ. ನಿಮ್ಮ ಮನೆಯ ಕಣಜದಲ್ಲಿ ರಾಗಿ ತುಂಬಿದೆಯೆಂದಿಟ್ಟುಕೊಳ್ಳಿ. ಅದನ್ನು ಕೇರಿ ಹಸನು ಮಾಡಬೇಕಾದರೆ ಜಗಲಿಗೆ ತರಬೇಕು. ಜಗಲಿಯ ತುಂಬ ನೆಂಟರಿಷ್ಟರು ಕುಳಿತಿದ್ದರೆ ಕಣಜದಲ್ಲಿ ಎಷ್ಟು ರಾಗಿ ಇದ್ದೇನು? ಓದಿ ನೆನಪಿಟ್ಟದ್ದು ಮಿದುಳಿನ ಕಣಜದಲ್ಲಿರುತ್ತದೆ. ಲೆಕ್ಕ ಬಿಡಿಸುವಾಗ, ಉತ್ತರವನ್ನು ಹೊಂದಿಸುವಾಗ ಅದನ್ನು ಕ್ಷಣಕಾಲ ಹರಡಿಕೊಳ್ಳುವ ಜಾಗವೊಂದಿದೆ. ಅದಕ್ಕೆ ಕಾರ್ಯಕಾರಿ ಸ್ಮೃತಿ ಎಂದು ಹೆಸರು. ಚಿಂತೆಗಳು ಬಂದು ಕೂಡುವುದು ಸರಿಯಾಗಿ ಈ ಜಗಲಿಯ ಮೇಲೆಯೇ. ಮನೆಯಲ್ಲಿ ಸರಾಗವಾಗಿ ಹೇಳಿದ ಉತ್ತರ ಪರೀಕ್ಷೆಯ ಕೊಠಡಿಯಲ್ಲಿ ಮರೆತುಹೋಗಿ, ಹೊರಗೆ ಬಂದೊಡನೆ ನೆನಪಾಗುವುದರ ಗುಟ್ಟು ಇದು.

ಜಾಣ ಮಗುವಿನ ಜಗಲಿ ದೊಡ್ಡದು. ಆದುದರಿಂದ ಅದಕ್ಕೆ ತೊಂದರೆ ಕಡಿಮೆಯೆಂದು ನಾವು ಊಹಿಸುತ್ತೇವೆ. 2005ರಲ್ಲಿ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಎಂಬ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಲೆಕ್ಕಗಳನ್ನು ಕೊಟ್ಟು ನೋಡಿದಾಗ ಕಂಡದ್ದು ಬೇರೆ. ಒತ್ತಡವಿಲ್ಲದಿದ್ದಾಗ ಈ ಶಕ್ತಿ ಹೆಚ್ಚಾಗಿದ್ದವರು ಕಠಿಣ ಲೆಕ್ಕಗಳಲ್ಲಿ ಮುಂದಿದ್ದರು. ಅನಂತರ ಅವರ ಮೇಲೆ ಒತ್ತಡ ಹೇರಲಾಯಿತು. "ನಿನ್ನ ಜೊತೆಗಾರ ತನ್ನ ಪಾಲಿನ ಕೆಲಸವನ್ನು ಚೆನ್ನಾಗಿ ಮುಗಿಸಿದ್ದಾನೆ, ನೀನೂ ಗೆದ್ದರೆ ಇಬ್ಬರಿಗೂ ಹಣ, ನೀನು ಸೋತರೆ ಅವನಿಗೂ ಇಲ್ಲ, ನಿನ್ನನ್ನು ಚಿತ್ರೀಕರಿಸಿ ಇತರರಿಗೆ ತೋರಿಸಲಾಗುವುದು" ಎಂಬ ಅರ್ಥದ ಮಾತುಗಳನ್ನು ಹೇಳಲಾಯಿತು. ಆಗ ಮುಂದಿದ್ದವರೇ ಹಿಂದೆ ಬಿದ್ದು, ಉಳಿದವರ ಮಟ್ಟಕ್ಕೆ ಇಳಿದರು. ಉಳಿದವರಿಗೆ ಹೇಳಿಕೊಳ್ಳುವಂಥ ನಷ್ಟವಾಗಲಿಲ್ಲ. ಜಾಣರು ಅನೇಕ ಹೆಜ್ಜೆಗಳನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದು ಲೆಕ್ಕ ಬಿಡಿಸುವವರು; ಜಗಲಿ ತುಂಬಿಹೋದರೆ ಅವರ ದಾರಿಯೇ ಮುಚ್ಚಿಹೋಗುತ್ತದೆ.

ಆ ಪ್ರಯೋಗದಲ್ಲಿ ಆಡಿದ ಮಾತುಗಳನ್ನು ಇನ್ನೊಮ್ಮೆ ಓದಿ ನೋಡಿ. ನೀನು ಸೋತರೆ ಇತರರಿಗೂ ನಷ್ಟ. ಎಲ್ಲರೂ ನಿನ್ನನ್ನು ನೋಡುತ್ತಿದ್ದಾರೆ. ನಮ್ಮ ಮನೆಗಳಲ್ಲಿ ಊಟಕ್ಕೆ ಕುಳಿತಾಗ ಆಡುವ ಮಾತುಗಳೂ ಇವೇ ಅಲ್ಲವೇ? "ನಿನ್ನಿಂದಲೇ ಈ ಮನೆ ಉದ್ಧಾರವಾಗಬೇಕು ಮಗಾ." "ನಿನ್ನ ಓದಿಗೆಂದೇ ಅಡಕೆ ತೋಟದ ಮೇಲೆ ಸಾಲ ಎತ್ತಿದ್ದೇನೆ." "ನಿನ್ನ ದೊಡ್ಡಪ್ಪನ ಮಕ್ಕಳ ಮುಂದೆ ತಲೆ ಎತ್ತುವಂತೆ ಮಾಡು." ಈ ಮಾತುಗಳನ್ನು ಯಾರೂ ಕೆಟ್ಟ ಮನಸ್ಸಿನಿಂದ ಆಡುವುದಿಲ್ಲ, ಪ್ರೀತಿಯಿಂದಲೇ ಆಡುತ್ತಾರೆ. ಮಂದಬುದ್ಧಿಯ ಮಗುವಿಗೆ ಯಾರೂ ಹೀಗೆನ್ನುವುದಿಲ್ಲ ಎಂಬುದನ್ನೂ ಗಮನಿಸಬೇಕು. ಜಾಣತನಕ್ಕೆ ಹಚ್ಚಿದ ಸುಂಕದಂತೆ ಇದು ಜಾಣ ಮಗುವಿನ ಪಾಲಿಗೇ ಬೀಳುತ್ತದೆ.

ಈ ಮಾತು ನಮ್ಮ ಇಲಾಖೆಗೂ ಸಂಬಂಧಿಸಿದ್ದು. ನಿಮ್ಮ ಅಜ್ಜಂದಿರ ಕಾಲದಲ್ಲಿ ಮನೆಗೆ ಐದಾರು ಮಕ್ಕಳು. ಒಬ್ಬ ಆರಂಬ ನೋಡಿಕೊಂಡ, ಒಬ್ಬ ಪೇಟೆ ಸೇರಿದ, ಒಬ್ಬ ಏನೂ ಆಗದೆಯೂ ಅಣ್ಣತಮ್ಮಂದಿರ ನಡುವೆ ಬಾಳಿದ. 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ 2.85 ಮಕ್ಕಳೆಂದಿದ್ದುದು 2019-21ರ ಸಮೀಕ್ಷೆಯ ವೇಳೆಗೆ 1.7ಕ್ಕೆ ಇಳಿದಿದೆ. ತಾಯಂದಿರ ಆರೋಗ್ಯಕ್ಕೆ ಇದು ಒಳ್ಳೆಯದೇ. ಚಿಕ್ಕ ಸಂಸಾರವೇ ಇರಲೆಂದು ನಾವು ಇಂದಿಗೂ ಹೇಳುತ್ತೇವೆ. ಆದರೆ ಆರು ಹೆಗಲುಗಳಿಗೆ ಹಂಚಿಹೋಗುತ್ತಿದ್ದ ಆಸೆಯ ಭಾರ ಈಗ ಒಂದೆರಡು ಹೆಗಲುಗಳ ಮೇಲೆ ಬಿದ್ದಿದೆಯೆಂಬುದನ್ನೂ ಜೊತೆಯಲ್ಲೇ ಹೇಳದಿದ್ದರೆ ನಮ್ಮ ಸಲಹೆ ಅರ್ಧವಾದೀತು.

ಹೊಗಳಿಕೆಯ ವಿಷಯದಲ್ಲಿಯೂ ಎಚ್ಚರ ಬೇಕು. 1998ರಲ್ಲಿ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಮನೋವಿಜ್ಞಾನಿಗಳು ಐದನೆಯ ತರಗತಿಯ ಮಕ್ಕಳಿಗೆ ಕೆಲವು ಸಮಸ್ಯೆಗಳನ್ನು ಬಿಡಿಸಲು ಕೊಟ್ಟು, ಕೆಲವರನ್ನು "ನೀನು ಬುದ್ಧಿವಂತ" ಎಂದೂ ಕೆಲವರನ್ನು "ನೀನು ಚೆನ್ನಾಗಿ ಶ್ರಮಪಟ್ಟೆ" ಎಂದೂ ಹೊಗಳಿದರು. ಆಮೇಲೆ ಬಹಳ ಕಷ್ಟದ ಸಮಸ್ಯೆಗಳನ್ನು ಕೊಟ್ಟು ಎಲ್ಲರೂ ಸೋಲುವಂತೆ ಮಾಡಿ, ಕೊನೆಗೆ ಮೊದಲಿನಂಥವೇ ಸುಲಭ ಸಮಸ್ಯೆಗಳನ್ನು ಕೊಟ್ಟರು. ಬುದ್ಧಿವಂತರೆನಿಸಿಕೊಂಡವರು ಮೊದಲಿಗಿಂತ ಕಡಿಮೆ ಮಾಡಿದರು. ಶ್ರಮಕ್ಕೆ ಹೊಗಳಿಕೆ ಪಡೆದವರು ಮೊದಲಿಗಿಂತ ಹೆಚ್ಚು ಮಾಡಿದರು. ತಮ್ಮ ಅಂಕಗಳನ್ನು ಹೆಚ್ಚಿಸಿ ಸುಳ್ಳು ಹೇಳಿದವರೂ ಮೊದಲನೆಯ ಗುಂಪಿನಲ್ಲೇ ಹೆಚ್ಚು. ಬುದ್ಧಿವಂತನೆಂಬ ಹೆಸರನ್ನು ಹೊತ್ತ ಮಗುವಿಗೆ ಪ್ರತಿಯೊಂದು ಪರೀಕ್ಷೆಯೂ ಆ ಹೆಸರನ್ನು ಕಳೆದುಕೊಳ್ಳುವ ಸಂದರ್ಭವಾಗಿಬಿಡುತ್ತದೆ. ನೂರಕ್ಕೆ ತೊಂಬತ್ತು ಬಂದರೂ ಹತ್ತು ಎಲ್ಲಿ ಹೋಯಿತೆಂದು ಅದು ಮರುಗುತ್ತದೆ.

ಹಳ್ಳಿಯ ಜಾಣ ಮಗುವಿಗೆ ಈ ಹೆಸರು ಅಲುಗಾಡುವ ಕಾಲ ಎರಡು ಸಲ ಬರುತ್ತದೆ. ಊರಿನ ಶಾಲೆಯಲ್ಲಿ ಮೊದಲಿಗನಾಗಿದ್ದವನು ನವೋದಯ ವಿದ್ಯಾಲಯಕ್ಕೋ ಮೊರಾರ್ಜಿ ದೇಸಾಯಿ ವಸತಿ ಶಾಲೆಗೋ ಆಯ್ಕೆಯಾಗಿ ಹೋದಾಗ, ಅಲ್ಲಿ ಇರುವವರೆಲ್ಲರೂ ತಂತಮ್ಮ ಊರುಗಳ ಮೊದಲಿಗರೇ. ಅಲ್ಲಿ ಹದಿನೈದನೆಯವನಾದರೆ ಮಗು ದಡ್ಡನಾಯಿತೆಂದಲ್ಲ. ಆದರೆ ಮಗುವಿಗೆ ಹಾಗೆನಿಸುತ್ತದೆ, ನಿಮಗೂ ಹಾಗೆನಿಸಿದರೆ ಅದಕ್ಕೆ ಆಸರೆಯೇ ಇಲ್ಲ. ಎರಡನೆಯದು, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದಾಗ. ದ್ಯುತಿಸಂಶ್ಲೇಷಣೆಯೆಂದರೆ ಏನೆಂದು ಚೆನ್ನಾಗಿ ಬಲ್ಲ ಹುಡುಗಿಗೆ ಅದನ್ನೇ ಇಂಗ್ಲಿಷಿನಲ್ಲಿ ಕೇಳಿದಾಗ ಬಾಯಿ ಕಟ್ಟುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ ಅಂಕಗಳು ಕುಸಿಯುತ್ತವೆ. ಇದು ಭಾಷೆಯ ತೊಡಕು. ಕೆಲವು ತಿಂಗಳಲ್ಲಿ ಸಡಿಲವಾಗುವಂಥದು. "ಹತ್ತರಲ್ಲಿ ಅಷ್ಟು ತೆಗೆದವಳಿಗೆ ಈಗೇನು ಬಂತು, ಮೊಬೈಲೇ ಕಾರಣ" ಎಂದು ಬೈದರೆ ಮಗು ತನ್ನ ನಿಜವಾದ ಕಷ್ಟವನ್ನು ಹೇಳುವುದನ್ನೇ ಬಿಡುತ್ತದೆ.

ಹೆಣ್ಣುಮಕ್ಕಳ ಸಂಗತಿಯನ್ನು ಬೇರೆಯಾಗಿಯೇ ಹೇಳಬೇಕು. ಹತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಆಕೆಯ ತಾಯಿ ವಾಂತಿಯೆಂದು ನನ್ನ ಬಳಿಗೆ ಕರೆತಂದಿದ್ದರು. ಶಾಲೆಯಲ್ಲಿ ಅವಳೇ ಮುಂದು. ಪ್ರತಿ ಪರೀಕ್ಷೆಯ ಬೆಳಿಗ್ಗೆಯೂ ಕುಡಿದ ಹಾಲು ಹೊರಗೆ ಬರುತ್ತಿತ್ತು. ದಾದಿಯೊಡನೆ ಒಬ್ಬಳೇ ಮಾತನಾಡಿದಾಗ ಹುಡುಗಿ ವಿಷಯವನ್ನು ಹೊರಗೆಡಹಿದಳು. "ನಂಬರು ಬಂದರೆ ಕಾಲೇಜು, ಬಾರದಿದ್ದರೆ ಸೋದರತ್ತೆಯ ಮನೆ" ಎಂದು ತಂದೆ ಒಮ್ಮೆ ನಗುತ್ತ ಅಂದಿದ್ದರಂತೆ. ತಂದೆಗೆ ಆ ಮಾತು ನೆನಪೇ ಇರಲಿಲ್ಲ. ಮಗಳು ಅದನ್ನು ಎಂಟು ತಿಂಗಳಿಂದ ಹೊತ್ತು ತಿರುಗುತ್ತಿದ್ದಳು. ಅವಳ ಪಾಲಿಗೆ ಗಣಿತದ ಪತ್ರಿಕೆ ಬರಿಯ ಗಣಿತವಾಗಿರಲಿಲ್ಲ. ಮುಂದಿನ ಬಾಳಿನ ತೀರ್ಪಾಗಿತ್ತು. ತಂದೆಯನ್ನು ಕರೆಸಿದೆ. ಅವರು ಮಗಳ ಮುಂದೆ, ಹೆಂಡತಿಯ ಮುಂದೆ, "ಎಷ್ಟೇ ಬರಲಿ ಅವ್ವಾ, ನೀನು ಕಾಲೇಜಿಗೆ ಹೋಗುವುದು ಹೋಗುವುದೇ" ಎಂದರು. ವಾಂತಿ ಒಂದೇ ದಿನಕ್ಕೆ ನಿಲ್ಲಲಿಲ್ಲ, ಕಡಿಮೆಯಾಯಿತು. ಮಗಳು ತಾನೆಣಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಅಂಕ ಪಡೆದಳು, ಕಾಲೇಜಿಗೂ ಸೇರಿದಳು. ಹದಿನೆಂಟು ತುಂಬುವ ಮೊದಲು ಹೆಣ್ಣಿನ ಮದುವೆ ಮಾಡುವುದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ಅಪರಾಧ. ಅಂತಹ ಒತ್ತಾಯಕ್ಕೆ ಸಿಲುಕಿದ ಮಗು 1098 ಸಂಖ್ಯೆಗೆ ದೂರವಾಣಿ ಮಾಡಬಹುದು. ಕಾಯಿದೆಯ ಮಾತು ಹಾಗಿರಲಿ, ನಗೆಮಾತಿಗಾದರೂ ಮದುವೆಯನ್ನು ಅಂಕಕ್ಕೆ ಗಂಟುಹಾಕಬೇಡಿರೆಂದು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಗಂಡಹೆಂಡಿರ ನಡುವಣ ಮಾತು. ಮಗುವಿನ ಪರೀಕ್ಷೆ ಎಷ್ಟೋ ಮನೆಗಳಲ್ಲಿ ದಂಪತಿಗಳ ಹಳೆಯ ಜಗಳಕ್ಕೆ ಹೊಸ ಅಂಗಳವಾಗುತ್ತದೆ. ಅಂಕ ಬಂದರೆ "ನನ್ನ ಮಗ", ಬಾರದಿದ್ದರೆ "ನಿನ್ನ ಮುದ್ದಿನಿಂದ ಕೆಟ್ಟ." ತಾಯಿಯನ್ನು ಬೈಗುಳದಿಂದ ಉಳಿಸಲು ತಾನು ಹೆಚ್ಚು ಅಂಕ ತೆಗೆಯಬೇಕೆಂದು ಮಗು ನಿರ್ಧರಿಸುತ್ತದೆ. ಸೂಕ್ಷ್ಮಬುದ್ಧಿಯ ಮಕ್ಕಳು ಇದನ್ನು ಬೇಗ ಗ್ರಹಿಸುತ್ತಾರೆ. ಗೋಡೆಯಾಚೆ ಪಿಸುಗುಟ್ಟಿದ್ದೂ ಅವರ ಕಿವಿಗೆ ಬೀಳುತ್ತದೆ. ಆದುದರಿಂದ ಮೊದಲು ನೀವಿಬ್ಬರೂ, ಮಗುವಿಲ್ಲದ ಹೊತ್ತಿನಲ್ಲಿ, ಒಂದು ಸಂಜೆ ಕುಳಿತು ಮಾತನಾಡಿಕೊಳ್ಳಿ. ಅಂಕ ಕಡಿಮೆಯಾದರೆ ಏನು ಮಾಡುವೆವು? ಯಾವ ಕಾಲೇಜು, ಎಷ್ಟು ಖರ್ಚು, ಸಾಲದ ಕಂತು ಹೇಗೆ? ಈ ಪ್ರಶ್ನೆಗಳಿಗೆ ನಿಮ್ಮಲ್ಲಿ ಉತ್ತರವಿದ್ದರೆ ಮಗುವಿಗೆ ಹೇಳುವ ಧೈರ್ಯದ ಮಾತಿಗೆ ತೂಕವಿರುತ್ತದೆ. ಉತ್ತರವಿಲ್ಲದೆ ಬರಿದೆ "ಹೆದರಬೇಡ" ಎಂದರೆ ಮಗು ನಂಬುವುದಿಲ್ಲ. ಸಾಲದ ವಿಷಯವನ್ನು ಮಗುವಿನಿಂದ ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಅದನ್ನು ತೀರಿಸುವುದು ದೊಡ್ಡವರ ಕೆಲಸ, ನಿನ್ನ ಅಂಕಪಟ್ಟಿಯ ಕೆಲಸವಲ್ಲ ಎಂದು ಬಾಯಿಬಿಟ್ಟು ಹೇಳಿರಿ. ಪರೀಕ್ಷೆಯೂ ಒಮ್ಮೆಗೇ ಮುಗಿದುಹೋಗುವಂಥದಲ್ಲ. ನಪಾಸಾದವರಿಗೂ, ಬಂದ ಅಂಕಗಳಿಂದ ತೃಪ್ತರಾಗದವರಿಗೂ ಅದೇ ವರ್ಷದಲ್ಲಿ ಮತ್ತೆ ಬರೆಯುವ ಅವಕಾಶವನ್ನು ನಮ್ಮ ರಾಜ್ಯದಲ್ಲಿ 2024ರಿಂದ ಕಲ್ಪಿಸಲಾಗಿದೆ. ಶಾಲೆಯ ಮುಖ್ಯೋಪಾಧ್ಯಾಯರನ್ನು ಕೇಳಿ ಆ ವರ್ಷದ ನಿಯಮವನ್ನು ಪರೀಕ್ಷೆಗೆ ಮೊದಲೇ ತಿಳಿದುಕೊಳ್ಳಿರಿ. ಫಲಿತಾಂಶ ಬಂದ ದಿನ ಅಲ್ಲ.

ಪರೀಕ್ಷೆಯ ದಿನಗಳಲ್ಲಿ ಮನೆಯಲ್ಲಿ ಮಾಡಬೇಕಾದುದು ಹೆಚ್ಚೇನಿಲ್ಲ. ಈ ವಯಸ್ಸಿನವರಿಗೆ ಎಂಟು ಗಂಟೆಯಾದರೂ ನಿದ್ರೆ ಬೇಕು. ಓದಿದ್ದು ಮನಸ್ಸಿನಲ್ಲಿ ನೆಲೆಗೊಳ್ಳುವುದು ನಿದ್ರೆಯಲ್ಲಿಯೇ. ಚಹಾ ಕುಡಿಸಿ ರಾತ್ರಿಯೆಲ್ಲ ಕೂಡಿಸುವುದರಿಂದ ನಷ್ಟವೇ ಹೆಚ್ಚು. ಬೆಳಿಗ್ಗೆ ಗಟ್ಟಿ ಆಹಾರ ಇಳಿಯದಿದ್ದರೆ ಬಲವಂತ ಬೇಡ, ರಾಗಿ ಗಂಜಿಯೋ ಬಾಳೆಹಣ್ಣೋ ಸಾಕು. ನೆನಪಿನ ಶಕ್ತಿಗೆಂದು ಅಂಗಡಿಯಲ್ಲಿ ಮಾರುವ ಟಾನಿಕ್ಕುಗಳಿಗೆ ಹಣ ಸುರಿಯಬೇಡಿ. ವೈದ್ಯರ ಚೀಟಿಯಿಲ್ಲದೆ ನಿದ್ರೆಯ ಗುಳಿಗೆಯನ್ನಂತೂ ಕೊಡಲೇಬೇಡಿ. ಪರೀಕ್ಷೆಗೆ ಹೋಗುವ ಮುನ್ನ ಹತ್ತು ನಿಮಿಷ ಕುಳಿತು ತನ್ನ ಮನಸ್ಸಿನಲ್ಲಿರುವ ಹೆದರಿಕೆಯನ್ನೆಲ್ಲ ಒಂದು ಹಾಳೆಯ ಮೇಲೆ ಬರೆಯುವಂತೆ ಮಗುವಿಗೆ ಹೇಳಬಹುದು. 2011ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ತೀರ ಹೆದರುತ್ತಿದ್ದ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಳು ಹೀಗೆ ಬರೆದ ಮೇಲೆ ಹೆಚ್ಚು ಅಂಕ ಪಡೆದರು. ಎಲ್ಲರಿಗೂ ಒಗ್ಗುತ್ತದೆಂದು ಹೇಳಲಾರೆ, ಆದರೆ ಖರ್ಚು ಒಂದು ಹಾಳೆಯಷ್ಟೇ. ಆ ಹಾಳೆಯನ್ನು ನೀವು ಓದಬಾರದು. ಪರೀಕ್ಷೆ ಮುಗಿಸಿ ಬಂದ ಮಗುವನ್ನು ಬಾಗಿಲಲ್ಲೇ ನಿಲ್ಲಿಸಿ ಎಷ್ಟು ಬರುತ್ತದೆಂದು ಕೇಳುವ ಪದ್ಧತಿಯನ್ನೂ ಬಿಡಿರಿ. ಕೈಕಾಲು ತೊಳೆದು ಊಟ ಮಾಡಲಿ. ಮುಗಿದ ಪತ್ರಿಕೆಯ ತಪ್ಪುಗಳನ್ನು ಎಣಿಸಿದರೆ ನಾಳಿನ ಪತ್ರಿಕೆಗೆ ಜಗಲಿಯ ಮೇಲೆ ಜಾಗವಿರುವುದಿಲ್ಲ.

ಕೆಲವು ಲಕ್ಷಣಗಳನ್ನು ಮಾತ್ರ ಮನೆಯಲ್ಲೇ ಇಟ್ಟುಕೊಂಡು ಕಾಯಬಾರದು. ಎರಡು ವಾರಕ್ಕೂ ಹೆಚ್ಚು ಕಾಲ ಮಗು ಸರಿಯಾಗಿ ಉಣ್ಣದಿದ್ದರೆ, ನಿದ್ರಿಸದಿದ್ದರೆ, ಗೆಳೆಯರನ್ನು ತೊರೆದು ಮೂಲೆ ಹಿಡಿದರೆ, ಪ್ರೀತಿಯ ವಸ್ತುಗಳನ್ನು ಇತರರಿಗೆ ಕೊಟ್ಟುಬಿಟ್ಟರೆ, "ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ" ಎಂಬಂಥ ಮಾತನ್ನು ಒಮ್ಮೆಯಾದರೂ ಆಡಿದರೆ, ಅದನ್ನು ಹುಡುಗಾಟವೆಂದು ತಳ್ಳಿಹಾಕಬೇಡಿ. ಪಕ್ಕದಲ್ಲಿ ಕೂಡಿಸಿಕೊಂಡು, ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದ ಯೋಚನೆ ಹೊರಗೆ ಬರುತ್ತದೆ. ಹೌದೆಂದರೆ ಮಗುವನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿ. ಪರೀಕ್ಷೆಯ ದಿನಗಳಿರಲಿ, ಫಲಿತಾಂಶದ ದಿನವಿರಲಿ, ಬೇರಾವ ಕಾಲವೇ ಇರಲಿ, ಬೆಳೆಗೆ ಸಿಂಪಡಿಸುವ ಔಷಧವನ್ನು ಅಟ್ಟದ ಮೇಲೆ ಬಿಡದೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ನಿಮ್ಮ ಬಳಿಯೇ ಇರಿಸಿಕೊಳ್ಳಿ. ಇಷ್ಟು ಸಣ್ಣ ಎಚ್ಚರಿಕೆ ಎಷ್ಟೋ ಜೀವಗಳನ್ನು ಉಳಿಸಬಲ್ಲದು.

ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆ 2022ರ ಅಕ್ಟೋಬರಿನಲ್ಲಿ ಆರಂಭವಾಗಿದೆ. ಸಂಖ್ಯೆ 14416. ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಬಹುದು, ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಮಗು ಮಾಡಬಹುದು, ನೀವೂ ಮಾಡಬಹುದು. ಹದಿಹರೆಯದವರಿಗೆಂದೇ ಆರೋಗ್ಯ ಕೇಂದ್ರಗಳಲ್ಲಿ ನಡೆಯುವ ಸ್ನೇಹ ಕ್ಲಿನಿಕ್ ಯಾವ ದಿನವೆಂಬುದನ್ನೂ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಎಂದು ಬರುತ್ತಾರೆಂಬುದನ್ನೂ ನಿಮ್ಮೂರಿನ ಆಶಾ ಕಾರ್ಯಕರ್ತೆಯಿಂದ ಕೇಳಿ ತಿಳಿದುಕೊಳ್ಳಿ. ಮನೋವೈದ್ಯರೆಂದೊಡನೆ ಹುಚ್ಚಿನ ಹೆಸರು ಅಂಟುವುದೆಂದು ಅಂಜುವವರು ಇನ್ನೂ ಇದ್ದಾರೆ. ಅಂತಹವರು ಮೊದಲು ನಮ್ಮ ಕೇಂದ್ರಕ್ಕೇ ಬನ್ನಿ. ಹೊಟ್ಟೆನೋವೆಂದೇ ಚೀಟಿ ಬರೆಸಿ, ಒಳಗೆ ಬಂದ ಮೇಲೆ ಉಳಿದುದನ್ನು ಹೇಳಿ. ಬರುವಾಗ ಸಾಧ್ಯವಾದರೆ ಗಂಡಹೆಂಡಿರಿಬ್ಬರೂ ಬನ್ನಿ. ಮಗುವನ್ನು ಸ್ವಲ್ಪ ಹೊತ್ತು ನಮ್ಮೊಡನೆ ಒಂಟಿಯಾಗಿ ಮಾತನಾಡಲು ಬಿಡಿರಿ, ನೀವು ಹೊರಗೆ ಬೆಂಚಿನ ಮೇಲೆ ಕುಳಿತಿರಿ.